ಊರಲ್ಲಿ ಹೊಲ, ಪುಣೆಯಲ್ಲಿ ನಾವು: ಹೊಲ ಮಾಡುವ ಹೆಣ್ಣುಮಕ್ಕಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭೋಸರಿ, ಪಿಂಪ್ರಿ, ಹಡಪ್ಸರ್, ವಾರ್ಜೆ ಕಡೆ ಇರುವ ಕನ್ನಡದ ಮನೆಗಳಲ್ಲಿ ಬಹಳಷ್ಟಕ್ಕೆ ಊರಲ್ಲಿ ಇನ್ನೂ ಹೊಲ ಇದೆ. ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೀದರ್. ಗಡಿಯ ಈಚೆ ಅಕ್ಕಲಕೋಟ, ಜತ್ತ. ಆ ಹೊಲಗಳನ್ನು ಮಾಡುತ್ತಿರುವವರು ನಮ್ಮ ಅವ್ವ, ವೈನಿ, ತಂಗಿಯರು. ವರ್ಷದ ಜೋಳ ತರಿಸಲು ನಾವು ಒಂದಷ್ಟು ಮನೆಯವರು ಸೇರಿದಾಗಲೆಲ್ಲ ಇವೇ ಪ್ರಶ್ನೆಗಳು ಏಳುತ್ತವೆ. ಹಾಗಾಗಿ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಕಾಗದಪತ್ರದ ಮಾತು ಬಂದಲ್ಲಿ ಕರ್ನಾಟಕದ ಹೊಲಗಳ ಬಗ್ಗೆಯೇ ಹೇಳಿದ್ದೇನೆ.

ಹೊಲ ಅಣ್ಣ ನೋಡ್ಕೋತಾನ. ಇದರಾಗ ಹೆಣ್ಣುಮಕ್ಕಳ ಮಾತು ಯಾಕ ಬಂತು?

ಅಣ್ಣ ಟ್ರ್ಯಾಕ್ಟರ್ ಕರೆಸಿ ರಂಟೆ ಹೊಡೆಸುತ್ತಾನೆ, ಗೊಬ್ಬರದ ಅಂಗಡಿಗೆ ಹೋಗುತ್ತಾನೆ, ಮಾಲು ತುಂಬಿಕೊಂಡು ಬಜಾರಿಗೆ ಹೋಗುತ್ತಾನೆ. ನಡುವಿನ ಕೆಲಸವೆಲ್ಲ ಯಾರದು? ಬೀಜ ಹಸನು ಮಾಡುವುದು, ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆಯುವುದು, ಕುರ್ಪಿ ಹಿಡಿದು ಸಾಲಿನಲ್ಲಿ ಕೂತು ಕಸ ತೆಗೆಯುವುದು, ಹತ್ತಿ ಬಿಡಿಸುವುದು, ಕಣದಲ್ಲಿ ಕಾಳು ತೂರುವುದು. ಹಿಂಗಾರಿ ಜೋಳವನ್ನು ನಮ್ಮ ಕಡೆ ಬೇರುಸಹಿತ ಕೀಳುವ ರೂಢಿ. ಅಷ್ಟು ಹೊತ್ತಿಗೆ ಎರೆಮಣ್ಣು ಒಣಗಿ ಕಲ್ಲಾಗಿರುತ್ತದೆ. ಅಂಗೈಗೆ ಅರಿವೆ ಸುತ್ತಿಕೊಂಡು, ಎರಡೂ ಕೈಯಿಂದ ದಂಟು ಹಿಡಿದು, ನಡು ಬಗ್ಗಿಸಿ ಜಗ್ಗಬೇಕು. ದಿನವಿಡೀ ಜಗ್ಗಬೇಕು. ಸುಗ್ಗಿಯಲ್ಲಿ ಊರಿಗೆ ಹೋದವರು ಮನೆಯ ಹೆಣ್ಣುಮಕ್ಕಳ ಅಂಗೈಯನ್ನು ಒಮ್ಮೆ ನೋಡಿ ಬನ್ನಿ.

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಹದಿನಾಲ್ಕೂ ಇಲ್ಲ. ನಮ್ಮ ಮನೆಗಳಲ್ಲಿ ಇದರ ಅರ್ಥ ಇಷ್ಟೇ: ದುಡಿಯುವವಳು ಊರಲ್ಲಿದ್ದಾಳೆ, ಪಹಣಿಯಲ್ಲಿ ಹೆಸರಿರುವವನು ಪುಣೆಯಲ್ಲಿ ಕಂಪನಿ ಬಸ್ಸು ಹತ್ತುತ್ತಿದ್ದಾನೆ. ಏನು ಬಿತ್ತಬೇಕು, ಯಾವ ಔಷಧಿ ಹೊಡೆಯಬೇಕು ಎಂಬುದು ಫೋನಿನಲ್ಲಿ ತೀರ್ಮಾನವಾಗುತ್ತದೆ. ಹೊಲ ಉಳಿಯಬೇಕಾದರೆ, ಅಂದರೆ ಕೃಷಿ ಸುಸ್ಥಿರವಾಗಬೇಕಾದರೆ, ಈ ತೀರ್ಮಾನ ಅವಳ ಕೈಗೆ ಬರಬೇಕು. ಈ ಪುಟದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿಗೆ ಸೇರಿದವು.

ಸುಸ್ಥಿರ ಕೃಷಿ ಅಂದ್ರ ಸಾವಯವ ಕೃಷಿನೇ ಹೌದಲ್ಲ?

ಎರಡೂ ಒಂದೇ ಅಲ್ಲ. ರಾಸಾಯನಿಕ ಹಾಕದೆ, ಇರುವ ಕೊಳವೆಬಾವಿಯನ್ನೆಲ್ಲ ಬರಿದು ಮಾಡಿ ಕಬ್ಬು ಬೆಳೆದರೆ ಅದು ಸಾವಯವ ಇರಬಹುದು, ಸುಸ್ಥಿರ ಅಲ್ಲ. ಮಣ್ಣು, ನೀರು, ಬೀಜ, ಮನೆಯ ಗಂಟು, ಈ ನಾಲ್ಕೂ ಮುಂದಿನ ವರ್ಷಕ್ಕೆ ಕುಗ್ಗದೆ ದಾಟಬೇಕು. ಕಬ್ಬಿಗೆ ಒಂದು ಬೆಳೆಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಹಿಂಗಾರಿ ಜೋಳವಾದರೋ ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆದು ತೆನೆ ಕೊಡುತ್ತದೆ, ದನಕ್ಕೆ ಕಣಿಕೆಯನ್ನೂ ಕೊಡುತ್ತದೆ.

ಪುಣೆಯವರಿಗೆ ಇನ್ನೊಂದು ಮಾತು. ಇಲ್ಲಿನ ಮುಳಾ-ಮುಠಾ ಹೋಗಿ ಸೇರುವುದು ಭೀಮೆಯನ್ನು. ಆ ಭೀಮೆ ಉಜನಿ ಅಣೆಕಟ್ಟು ದಾಟಿ ಇಂಡಿ, ಅಫಜಲಪುರದ ಹೊಲಗಳ ಪಕ್ಕದಲ್ಲೇ ಹರಿಯುತ್ತದೆ. ನಾವು ಇಲ್ಲಿ ಚರಂಡಿಗೆ ಬಿಟ್ಟದ್ದು ನಮ್ಮೂರ ಕಡೆಗೇ ಹೋಗುತ್ತದೆ.

ಎಲ್ಲಿಂದ ಶುರು ಮಾಡಬೇಕು? ಇದ್ದ ಐದು ಎಕರೆನೂ ಒಮ್ಮೆಲೇ ಬದಲಿಸಾಕ ಆಗೂದಿಲ್ಲ.

ಬದಲಿಸಲೂ ಬಾರದು. ಒಂದು ಎಕರೆಯಿಂದ ಶುರು ಮಾಡಿ, ಅರ್ಧ ಎಕರೆಯಾದರೂ ಸಾಕು. ಇದಕ್ಕೆ ಕಣ್ಣಮುಂದೆಯೇ ದಾರಿ ಇದೆ. 1993ರ ಲಾತೂರ್ ಭೂಕಂಪದ ನಂತರ ಅಲ್ಲಿನ ಹೆಣ್ಣುಮಕ್ಕಳ ಜೊತೆ ಮನೆ ಕಟ್ಟುವ ಕೆಲಸಕ್ಕೆ ಇಳಿದ ಪ್ರೇಮಾ ಗೋಪಾಲನ್ ಅವರು ಸ್ವಯಂ ಶಿಕ್ಷಣ ಪ್ರಯೋಗ್ ಎಂಬ ಸಂಸ್ಥೆ ಬೆಳೆಸಿದರು. ಅದರ ಕಚೇರಿ ಪುಣೆಯಲ್ಲಿ, ಕೆಲಸ ಮರಾಠವಾಡಾದಲ್ಲಿ. ಲಾತೂರ್, ಧಾರಾಶಿವ ಕಡೆ ಬರದ ಮೇಲೆ ಬರ ಬಿದ್ದಾಗ ಅಲ್ಲಿನ ಹೆಣ್ಣುಮಕ್ಕಳು ಮನೆಯ ಗಂಡಸರ ಹತ್ತಿರ ಕೇಳಿದ್ದು ಒಂದೇ: ಅರ್ಧ ಎಕರೆಯಿಂದ ಒಂದು ಎಕರೆ ನಮಗೆ ಬಿಡಿ, ಅದರಲ್ಲಿ ಏನು ಬಿತ್ತಬೇಕೆಂದು ನಾವೇ ನೋಡುತ್ತೇವೆ. ಸೋಯಾಬೀನ್, ಕಬ್ಬಿನಂಥ ರೊಕ್ಕದ ಬೆಳೆ ಉಳಿದ ಹೊಲದಲ್ಲಿ ಇರಲಿ. ಈ ತುಣುಕಿನಲ್ಲಿ ಕಾಳು, ಕಡಿ, ತರಕಾರಿ, ಸೊಪ್ಪು ಎಲ್ಲ ಸೇರಿಸಿ ಬಿತ್ತಿದರು, ಎರೆಗೊಬ್ಬರ ಹಾಕಿದರು, ಮೊದಲು ಮನೆಗೆ ಉಂಡು ಹೆಚ್ಚಾದದ್ದನ್ನು ಮಾರಿದರು. 2017ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಈ ದಾರಿ ನನಗೆ ಇಷ್ಟವಾಗಲು ಕಾರಣ ಇದೆ. ಇಡೀ ಹೊಲದ ಮಾತೆತ್ತಿದರೆ ಮನೆಯಲ್ಲಿ ಜಗಳ ಏಳುತ್ತದೆ. ಒಂದು ಎಕರೆ ಕೇಳಿದರೆ "ಆಯ್ತು, ನೋಡೋಣ" ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ಆ ಎಕರೆಯಿಂದಲೇ ಮನೆಯ ಬೇಳೆ, ಪಲ್ಯ ನಡೆದುಬಿಟ್ಟರೆ ಮರುವರ್ಷ ಅವಳ ಮಾತಿಗೆ ತೂಕ ಬರುತ್ತದೆ. ಭಾಷಣಕ್ಕೆ ಬಗ್ಗದ ಮಾವ ಬೇಳೆಯ ಡಬ್ಬಿಗೆ ಬಗ್ಗುತ್ತಾನೆ.

ಆ ಒಂದು ಎಕರೆಯಾಗ ಏನೇನು ಹಾಕೂದು?

ನೆಲ ನೋಡಿ ಹೇಳಬೇಕು. ಆದರೆ ಮಳೆಯಾಶ್ರಿತ ಎರೆಭೂಮಿಗೆ ನಮ್ಮ ಹಿರಿಯರು ಕಂಡುಕೊಂಡ ಲೆಕ್ಕವೇ ಗಟ್ಟಿ. ಮುಂಗಾರಿನಲ್ಲಿ ಒಂದು ಪಾಲಿಗೆ ಹೆಸರು. ಎರಡು-ಎರಡೂವರೆ ತಿಂಗಳಿಗೆ ಅದು ಮನೆಗೆ ಬಂದ ಮೇಲೆ ಅದೇ ನೆಲ ಹರಗಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಜೋಳ ಬಿತ್ತಬಹುದು. ಹೆಸರಿನ ಬೇರು ಬಿಟ್ಟ ಸಾರಜನಕ ಜೋಳಕ್ಕೆ ಸಿಗುತ್ತದೆ. ಇನ್ನೊಂದು ಪಾಲಿಗೆ ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ. ಸಜ್ಜೆ ಬೇಗ ಹೊರಬೀಳುತ್ತದೆ, ಆಮೇಲೆ ತೊಗರಿ ತಡೆಯಿಲ್ಲದೆ ಹರಡಿಕೊಳ್ಳುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ.

ಸಾಲಿನ ನಡುವೆ ಅಕ್ಕಡಿಯಾಗಿ ಅಲಸಂದೆ, ಮಡಕಿ, ಗುರೆಳ್ಳು, ನಾಲ್ಕು ಹೆಜ್ಜೆ ಪುಂಡಿ. ಜೋಳದ ಹೊಲದ ಸುತ್ತ ಕುಸುಬೆ ಹಾಕುವುದನ್ನು ಮರೆಯಬಾರದು. ಅದರ ಮುಳ್ಳಿಗೆ ದನ ಹೊಲದೊಳಗೆ ಬಾಯಿ ಹಾಕುವುದಿಲ್ಲ, ಕಾಳಿನಿಂದ ಗಾಣದ ಎಣ್ಣೆಯೂ ಆಯಿತು. ಬಚ್ಚಲ ನೀರು ಹರಿಯುವ ಕಡೆ ಬದನೆ, ಹೀರೆ, ಮೆಂತ್ಯ, ಒಂದು ನುಗ್ಗೆ, ಒಂದು ಕರಿಬೇವು. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಹಾಕಲು ಹೋದಾಗ ಬುತ್ತಿಯಲ್ಲಿರುವ ಭಜ್ಜಿ, ಪುಂಡಿಪಲ್ಯ, ಸಜ್ಜಿರೊಟ್ಟಿ, ಎಳ್ಳು ಎಲ್ಲವೂ ಒಂದು ಕಾಲಕ್ಕೆ ಅದೇ ಹೊಲದಿಂದ ಬರುತ್ತಿದ್ದವು. ಈಗ ಎಷ್ಟೋ ಊರುಗಳಲ್ಲಿ ಅವನ್ನೆಲ್ಲ ಸಂತೆಯಿಂದ ತಂದು ಹೊಲಕ್ಕೆ ಒಯ್ಯುತ್ತಿದ್ದೇವೆ. ಇದು ನನ್ನ ಮನಸ್ಸಿಗೆ ಬಹಳ ನೋವಾಗುವ ವಿಷಯ.

ಜೀವಾಮೃತ ಹಾಕಿದ್ರ ಗೊಬ್ಬರ ಬ್ಯಾಡ ಅಂತಾರ. ಖರೇನಾ?

ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಅವರು ಹೇಳಿಕೊಟ್ಟ ಜೀವಾಮೃತ ಎಕರೆಗೆ 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸೆಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಎರಡು ದಿನ ನೆರಳಲ್ಲಿ ಕಲಕುತ್ತ ಹುಳಿ ಬರಿಸಬೇಕು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದು ಒಳ್ಳೆಯದು. ಆದರೆ ಇದೊಂದರಿಂದಲೇ ಬೆಳೆಯ ಹೊಟ್ಟೆ ತುಂಬುವುದಿಲ್ಲ.

ಲೆಕ್ಕ ಹಾಕಿ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಒಂದು ಟನ್ ತಿಪ್ಪೆಗೊಬ್ಬರದಲ್ಲಿ ಸುಮಾರು 5 ಕಿಲೋ. ಅಂದರೆ ಒಂದು ಚೀಲ ಯೂರಿಯಾ ಬಿಡಬೇಕಾದರೆ ನಾಲ್ಕು ಟನ್ ಗೊಬ್ಬರ, ಇಲ್ಲವೇ ಅದಕ್ಕೆ ಸಮನಾದ ದ್ವಿದಳ ಬೆಳೆ, ಹಸಿರೆಲೆ ಗೊಬ್ಬರ ಬೇಕು. ದನ ಮಾರಿದ ಮನೆಗೆ ಇದು ಎಲ್ಲಿಂದ ಬರಬೇಕು? ಆದ್ದರಿಂದ ಯೂರಿಯಾವನ್ನು ವರ್ಷವರ್ಷ ಇಳಿಸುತ್ತ ಬನ್ನಿ, ಒಮ್ಮೆಲೇ ನಿಲ್ಲಿಸಬೇಡಿ. ಹೊಲದ ಕಸಕಡ್ಡಿ ಸುಡುವುದನ್ನು ಮಾತ್ರ ಇವತ್ತೇ ನಿಲ್ಲಿಸಬಹುದು. ತೊಗರಿ ಕಟ್ಟಿಗೆ ಒಲೆಗೆ ಹೋಗಲಿ, ತೊಗರಿಯ ಎಲೆ, ಹೊಟ್ಟು ಹೊಲಕ್ಕೇ ಬೀಳಲಿ.

ಸೆಗಣಿ ಬಳಿದು ತಿಪ್ಪೆಗೆ ಹೊತ್ತು ಹಾಕುವವರೂ ಹೆಣ್ಣುಮಕ್ಕಳೇ. "ರಾಸಾಯನಿಕ ಬಿಡು" ಎಂದು ಪುಣೆಯಿಂದ ಹೇಳುವ ಮೊದಲು ಅವರ ತಲೆಯ ಮೇಲಿನ ಬುಟ್ಟಿ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿ. ಒಂದು ತಳ್ಳುಗಾಡಿ ಕೊಡಿಸಿ, ಕಸ ತೆಗೆಯಲು ಸೈಕಲ್ ಕುಂಟೆ ಕೊಡಿಸಿ. ಕೂತು ಕುರ್ಪಿ ಆಡಿಸುವ ಕೆಲಸವನ್ನು ಸೈಕಲ್ ಕುಂಟೆ ನಿಂತು ಮಾಡುವ ಹಾಗೆ ಮಾಡುತ್ತದೆ. ಮಂಡಿ ಹಿಡಿದುಕೊಂಡ ವಯಸ್ಸಿನವರಿಗೆ ಅದೊಂದು ದೊಡ್ಡ ಬಿಡುಗಡೆ.

ತೊಗರಿಗೆ ಕೀಡಿ ಬಿದ್ರ ಔಷಧಿ ಹೊಡೀದ ಆಗತೈತೇನು?

ಎಷ್ಟೋ ಸಲ ಆಗುತ್ತದೆ, ಬೇಗ ಕಂಡರೆ. ಹೂವಾಡುವಾಗಲೇ ಬೇವಿನ ಬೀಜದ ಕಷಾಯ ಹೊಡೆಯಬೇಕು: 5 ಕಿಲೋ ಒಣ ಬೇವಿನ ಬೀಜ ಕುಟ್ಟಿ ರಾತ್ರಿಯಿಡೀ ನೆನೆಸಿ, ಅರಿವೆಯಲ್ಲಿ ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸಾಬೂನಿನ ಪುಡಿ ಸೇರಿಸಿ ಸಂಜೆ ಹೊತ್ತು ಸಿಂಪಡಿಸುವುದು. ಬೇಸಿಗೆಯಲ್ಲಿ ಬೇವಿನ ಬೀಜ ಆರಿಸಿಡದಿದ್ದರೆ ಇದು ಬರೀ ಮಾತು. ಹಕ್ಕಿ ಕೂರಲು ಅಲ್ಲಲ್ಲಿ ಕವಲು ಕೋಲು ನೆಡಬೇಕು.

ಕಾಯಿಗೆ ಕೀಡಿ ಬಿದ್ದೇಬಿಟ್ಟರೆ ಕಲಬುರಗಿ ಕಡೆಯ ಹಳೆಯ ಪದ್ಧತಿ ಇದೆ. ಸಾಲಿನ ನಡುವೆ ಒಂದು ಹಳೆ ಸೀರೆಯನ್ನೋ ತಾಡಪತ್ರಿಯನ್ನೋ ಇಬ್ಬರು ಎಳೆದುಕೊಂಡು ಹೋಗುತ್ತಾರೆ, ಮತ್ತಿಬ್ಬರು ಗಿಡ ಬಗ್ಗಿಸಿ ಮೆಲ್ಲಗೆ ಝಾಡಿಸುತ್ತಾರೆ. ಹಸಿರು ಹುಳು ಪಟಪಟ ಉದುರುತ್ತವೆ. ಕೂಡಿಸಿ ಕೋಳಿಗೆ ಹಾಕಿದರೆ ಆಯಿತು. ಔಷಧಿಯ ವಿಷ ತಾಗುವುದು ಪಂಪು ಹೊತ್ತವನಿಗಷ್ಟೇ ಅಲ್ಲ. ಮರುದಿನ ಅದೇ ಸಾಲಿಗೆ ಕಸ ತೆಗೆಯಲು ಇಳಿಯುವ ಹೆಂಗಸಿಗೆ, ಅವಳ ಬೆನ್ನ ಹಿಂದೆ ಬರುವ ಕೂಸಿಗೆ ತಾಗುತ್ತದೆ.

ಬೀಜ ಮನ್ಯಾಗ ಇಟ್ಟುಕೊಳ್ಳೋದು ಕಾಯ್ದೆಗೆ ಸರಿನಾ?

ಪೂರ್ತಿ ಸರಿ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಇಡುವ, ಬಿತ್ತುವ, ಕೊಡುಕೊಳ್ಳುವ, ಮಾರುವ ಹಕ್ಕು ಕೊಟ್ಟಿದೆ. ಬ್ರ್ಯಾಂಡ್ ಹೆಸರು ಅಂಟಿಸಿ ಮಾರುವಂತಿಲ್ಲ, ಅಷ್ಟೇ. ಹೈಬ್ರಿಡ್ ಬೀಜ ಇಟ್ಟು ಉಪಯೋಗವಿಲ್ಲ, ಮರುವರ್ಷ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಆದರೆ ನಮ್ಮ ಮಾಲದಂಡಿ ಜೋಳ, ಅಂದರೆ ಎಂ 35-1, ಹೈಬ್ರಿಡ್ ಅಲ್ಲ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿದ ಈ ತಳಿ ಇವತ್ತಿಗೂ ರೊಟ್ಟಿಗೆ ಮೊದಲ ಆಯ್ಕೆ. ಅದರ ಬೀಜ ಧಾರಾಳವಾಗಿ ಇಡಬಹುದು.

ಹೊಲದ ನಟ್ಟನಡುವಿನ ದಪ್ಪ ತೆನೆಗಳನ್ನು ರಾಶಿಗೆ ಸೇರಿಸದೆ ಬೇರೆ ಇಡಿ. ಹಲ್ಲಲ್ಲಿ ಕಡಿದರೆ ಟಕ್ಕನೆ ಒಡೆಯುವಷ್ಟು ಒಣಗಬೇಕು. ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿಟ್ಟು ಬಾಯಿಗೆ ಸೆಗಣಿ ಮೆತ್ತುವ ಹಳೆಯ ಪದ್ಧತಿಯೇ ಸಾಕು. ಬಿತ್ತುವ ಹತ್ತು ದಿನ ಮುಂಚೆ ನೂರು ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಡಿ. 75ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ಹುಡುಕಿ.

ಈ ಕೆಲಸಕ್ಕೆ ಓದು ಬೇಕಿಲ್ಲ ಎನ್ನುವುದಕ್ಕೆ ಮಹಾರಾಷ್ಟ್ರದ ಅಕೋಲೆ ತಾಲೂಕಿನ ಕೊಂಭಾಳಣೆಯ ರಾಹಿಬಾಯಿ ಪೋಪೆರೆ ಇದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಈ ತಾಯಿ ನೂರಾರು ನಾಟಿ ಬೀಜ ಕೂಡಿಸಿ, ಪುಣೆಯ ಬೈಫ್ ಸಂಸ್ಥೆಯ ನೆರವಿನಿಂದ ಬೀಜ ಬ್ಯಾಂಕ್ ಕಟ್ಟಿದರು. 2020ರಲ್ಲಿ ಪದ್ಮಶ್ರೀ ಬಂತು. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಉಳಿಸಿ ಹಂಚುತ್ತಿದ್ದಾರೆ. 2025ರ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಿಕ್ಕಿದೆ.

ಇಳುವರಿ ಕಡಿಮಿ ಆದ್ರ ಯಾರು ಕೊಡೋರು?

ಮೊದಲ ಎರಡು ಮೂರು ವರ್ಷ ಇಳಿಯಬಹುದು. ಒಂದು ಎಕರೆ ಎಂದದ್ದು ಅದಕ್ಕೇ. ಕ್ವಿಂಟಲ್ ಲೆಕ್ಕದ ಜೊತೆ ಖರ್ಚಿನ ಲೆಕ್ಕವನ್ನೂ ಬರೆದಿಡಿ, ಕೈಯಲ್ಲಿ ಉಳಿದದ್ದು ಎಷ್ಟು ಎಂದು ನೋಡಿ.

ಪಹಣಿಯಾಗ ಅಕಿ ಹೆಸರು ಇಲ್ಲಂದ್ರ ಏನು ಕಳಕೋತಾಳ?

ಬಹುತೇಕ ಎಲ್ಲವನ್ನೂ. ಬೆಳೆ ಸಾಲಕ್ಕೆ ಬ್ಯಾಂಕು ಪಹಣಿ ಕೇಳುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4. ಕರ್ನಾಟಕದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ. ಪಹಣಿ ಇಲ್ಲದವಳು ಕಿರುಸಾಲದ ಕಂಪನಿಗೆ ಹೋಗಿ ಎಷ್ಟೋ ಪಟ್ಟು ಬಡ್ಡಿ ಕಟ್ಟುತ್ತಾಳೆ. ಯಂತ್ರೋಪಕರಣದ ಕೇಂದ್ರ ಯೋಜನೆಯಲ್ಲಿ ರೈತ ಮಹಿಳೆಗೆ ಶೇ 50 ಸಬ್ಸಿಡಿ ಇದೆ, ಆದರೆ ಅರ್ಜಿಗೆ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದಾಖಲೆ) ನೋಂದಣಿ ಬೇಕು, ಆ ನೋಂದಣಿಗೆ ಹೊಲ ಬೇಕು. ಬೆಳೆ ಹಾನಿ ಪರಿಹಾರ ಪಹಣಿದಾರನ ಖಾತೆಗೇ ಬೀಳುತ್ತದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಅಷ್ಟೇ. ಹೊಲ ಪುಣೆಯಲ್ಲಿ ಆದಾಯ ತೆರಿಗೆ ಕಟ್ಟುವ ಮಗನ ಹೆಸರಲ್ಲಿದ್ದರೆ ಆ ಹೊಲಕ್ಕೆ ಅದೂ ಇಲ್ಲ.

2007ರ ರಾಷ್ಟ್ರೀಯ ರೈತ ನೀತಿ ಕೂಲಿಕಾರರನ್ನೂ ಪಾಲಿಗೆ ಮಾಡುವವರನ್ನೂ ರೈತರೆಂದೇ ಎಣಿಸಿದೆ. ಕೌಂಟರಿನಲ್ಲಿ ಕೂತವರು ಇನ್ನೂ ಕೇಳುವುದು ಪಹಣಿಯನ್ನೇ.

ಹೆಸರು ಏರಿಸೂದು ಹ್ಯಾಂಗ?

ಮಗಳು, ಹೆಂಡತಿ, ವಿಧವೆ ಮೂವರ ದಾರಿಯೂ ಬೇರೆ.

ಹಿಂದೂ ಮನೆತನದ ಪಿತ್ರಾರ್ಜಿತ ಹೊಲದಲ್ಲಿ ಮಗಳಿಗೆ ಮಗನಷ್ಟೇ ಪಾಲು, ಹುಟ್ಟಿನಿಂದಲೇ. ಕರ್ನಾಟಕ 1994ರಲ್ಲೇ ಈ ತಿದ್ದುಪಡಿ ಜಾರಿಗೆ ತಂದಿತ್ತು, ಇಡೀ ದೇಶಕ್ಕೆ 2005ರ ಸೆಪ್ಟೆಂಬರ್ 9ರಿಂದ ಬಂತು. ಆ ದಿನ ಅಪ್ಪ ಬದುಕಿರಲಿ ಬಿಡಲಿ ಮಗಳ ಹಕ್ಕು ಇದೆ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ವಾಟ್ನಿಗಳನ್ನು (ಆಸ್ತಿ ಪಾಲುಗಳನ್ನು) ಮಾತ್ರ ಇದು ಮುಟ್ಟುವುದಿಲ್ಲ.

ಗಂಡ ಬದುಕಿರುವಾಗ ಹೆಂಡತಿಗೆ ತಾನಾಗಿ ಪಾಲು ಬರುವುದಿಲ್ಲ, ಅವನು ಬರೆದುಕೊಡಬೇಕು. ಅಣ್ಣತಮ್ಮಂದಿರ ಜಂಟಿ ಹೊಲವಾದರೆ ಮೊದಲು ವಾಟ್ನಿ ಆಗಲಿ, ತನ್ನ ಪಾಲು ಕೈಗೆ ಬಂದ ಮೇಲೆ ದಾನಪತ್ರ ಮಾಡಲಿ. ಮನೆಯೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಮಾರಾಟಕ್ಕಿಂತ ತೀರ ಕಡಿಮೆ. ಒಂದೇ ಸರ್ವೆ ನಂಬರಿನಲ್ಲಿ ಒಂದು ತುಣುಕು ಕೊಡುವುದಾದರೆ ಅಳತೆ ಮಾಡಿಸಿ, ಆ ತುಣುಕಿನ ಗಡಿ ತೋರಿಸುವ 11ಇ ನಕ್ಷೆ ಮಾಡಿಸಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ಹಬ್ಬಕ್ಕೆ ಎರಡು ದಿನ ಬಂದಾಗ ಮುಗಿಸುತ್ತೇನೆ ಎಂದರೆ ಮುಗಿಯುವುದಿಲ್ಲ, ಅಳತೆ ಅರ್ಜಿ ಮೊದಲೇ ಹಾಕಿಸಿ.

ಗಂಡ ತೀರಿಕೊಂಡಿದ್ದರೆ ಪೌತಿ ಖಾತೆ, ಅಂದರೆ ತೀರಿದವರ ಖಾತೆಯನ್ನು ವಾರಸುದಾರರ ಹೆಸರಿಗೆ ಏರಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಗೆ ಅರ್ಜಿ. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಬಿಟ್ಟಿರುವ ಮನೆಗಳು ಪುಣೆಯಲ್ಲಿ ಬೇಕಾದಷ್ಟಿವೆ. ಆ ಹೊಲಕ್ಕೆ ಸಾಲವೂ ಇಲ್ಲ, ಪರಿಹಾರವೂ ಇಲ್ಲ. ಇದನ್ನು ಮೊದಲು ಮಾಡಿ.

ತಂಗಿ ಮದುವ್ಯಾಗ ಖರ್ಚು ಮಾಡೇವಿ. ಹಕ್ಕು ಬಿಟ್ಟು ಸಹಿ ಮಾಡು ಅನ್ನೋದು ತಪ್ಪಾ?

ತಪ್ಪು. ಮದುವೆ ಖರ್ಚು ಹೊಲದ ಬೆಲೆ ಅಲ್ಲ. ತವರಿಗೆ ಬರುವ ದಾರಿ ಮುಚ್ಚೀತೆಂಬ ಭಯಕ್ಕೆ ತಂಗಿ ಸಹಿ ಮಾಡುತ್ತಾಳೆ, ಮನಸ್ಸಿನಿಂದಲ್ಲ.

ಬರದು ಕೊಟ್ಟ ಮ್ಯಾಲೆ ಅಕಿ ಮಾರಿಬಿಟ್ರ?

ಊರಿನ ಹೊಲಗಳನ್ನು ಈವರೆಗೆ ಮಾರಿದವರು, ಒತ್ತೆ ಇಟ್ಟವರು ಯಾರು ಎಂದು ಒಮ್ಮೆ ನೆನೆಸಿಕೊಳ್ಳಿ. ರೈತ ನಾಯಕ ಶರದ್ ಜೋಶಿಯವರ ಶೇತಕರಿ ಸಂಘಟನೆ 1986ರಲ್ಲಿ ನಾಸಿಕ ಜಿಲ್ಲೆಯ ಚಾಂದವಡದಲ್ಲಿ ರೈತ ಮಹಿಳೆಯರ ದೊಡ್ಡ ಅಧಿವೇಶನ ಮಾಡಿತು. ಅದರ ಬೆನ್ನಿಗೆ ಬಂದ ಲಕ್ಷ್ಮೀ ಮುಕ್ತಿ ಕಾರ್ಯಕ್ರಮದಲ್ಲಿ ಮಹಾರಾಷ್ಟ್ರದ ಎಷ್ಟೋ ರೈತರು ಹೆಂಡತಿಯರ ಹೆಸರಿಗೆ ಹೊಲ ಬರೆದುಕೊಟ್ಟರು. ಒಬ್ಬನೇ ಕೊಟ್ಟರೆ ಊರು ಆಡಿಕೊಳ್ಳುತ್ತದೆ, ಹತ್ತು ಜನ ಸೇರಿ ಕೊಟ್ಟರೆ ಅದೇ ರೂಢಿಯಾಗುತ್ತದೆ.

ಹೊಲಾನೇ ಇಲ್ಲದವರು ಏನು ಮಾಡಬೇಕು?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕರ್ನಾಟಕದ ಭೂಸುಧಾರಣಾ ಕಾಯ್ದೆ ಹೊಲ ಗೇಣಿಗೆ ಕೊಡುವುದನ್ನು ಬಹುಮಟ್ಟಿಗೆ ನಿಷೇಧಿಸಿರುವುದರಿಂದ ಲಾವಣಿ (ಗೇಣಿ) ಬಾಯಿಮಾತಿನಲ್ಲೇ ನಡೆಯುತ್ತದೆ. ಬೆಳೆ ಹೋದರೆ ಪರಿಹಾರ ಹೊಲದ ಧಣಿಗೆ, ನಷ್ಟ ಹೊಲ ಮಾಡಿದವಳಿಗೆ. ಪುಣೆಯಲ್ಲಿದ್ದು ಊರ ಹೊಲ ಲಾವಣಿಗೆ ಬಿಟ್ಟವರು ಕನಿಷ್ಠ ಇಷ್ಟು ಮಾಡಬಹುದು: ಪರಿಹಾರದ ಹಣ ಬಂದರೆ ಅದನ್ನು ಬಿತ್ತಿದವಳಿಗೆ ಕಳಿಸಿ. ಮೂರು ನಾಲ್ಕು ವರ್ಷ ಅದೇ ಮನೆಗೆ ಬಿಡುತ್ತೇವೆಂದು ಮಾತು ಕೊಡಿ. ಮುಂದಿನ ವರ್ಷ ಹೊಲ ಕೈಯಲ್ಲಿರುತ್ತದೋ ಇಲ್ಲವೋ ಎನ್ನುವವಳು ತಿಪ್ಪೆಗೊಬ್ಬರ ಯಾಕೆ ಹೊತ್ತು ಹಾಕುತ್ತಾಳೆ? ಕೂಲಿಗೆ ಬಂದವರಿಗೆ ಗಂಡಾಳಿಗೊಂದು ಹೆಣ್ಣಾಳಿಗೊಂದು ದರ ಕೊಡುವುದನ್ನೂ ನಿಲ್ಲಿಸಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ.

ಸಾಲಕ್ಕ ಹೆಣ್ಣುಮಕ್ಕಳ ಸಂಘ ಸಾಕಾಗತೈತೇನು?

ಉಳಿತಾಯಕ್ಕೆ ಸಾಕು, ಹೊಲಕ್ಕೆ ಸಾಲದು. ಸತಾರಾ ಜಿಲ್ಲೆಯ ಮ್ಹಸವಡದಲ್ಲಿ ಚೇತನಾ ಗಾಲಾ ಸಿನ್ಹಾ ಅವರು ಹಳ್ಳಿಯ ಹೆಣ್ಣುಮಕ್ಕಳ ಜೊತೆ 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕನ್ನೇ ಕಟ್ಟಿದರು. ನಮ್ಮ ಜಿಲ್ಲೆಗಳಲ್ಲೂ ಸಂಘಗಳು ಸೇರಿ ರೈತ ಉತ್ಪಾದಕ ಕಂಪನಿ ಮಾಡಿಕೊಂಡರೆ ಬೀಜ, ಗೊಬ್ಬರ, ಮಾರಾಟ ಒಟ್ಟಿಗೆ ನಡೆಯುತ್ತದೆ. ಆದರೆ ನಿರ್ದೇಶಕಿಯ ಕುರ್ಚಿಯಲ್ಲಿ ಅವಳ ಗಂಡ ಕೂರಬಾರದು.

ಪುಣೆಯಾಗ ಇದ್ದುಕೊಂಡು ನಾವು ಏನು ಕೊಳ್ಳಬಹುದು, ಎಷ್ಟಕ್ಕ?

ಜೋಳ, ತೊಗರಿಬೇಳೆ, ಕಡಲೆ, ಗುರೆಳ್ಳು, ಕುಸುಬೆ ಎಣ್ಣೆ. 2025-26ಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿ, ತೊಗರಿಗೆ 8,000. ಬಜಾರು ಇದಕ್ಕಿಂತ ಕೆಳಗೆ ಬಿದ್ದಾಗಲೂ ನಾವು ಇದಕ್ಕಿಂತ ಕೆಳಗೆ ಇಳಿಯಬಾರದು. ಹಸನು ಮಾಡಿದ ಕೂಲಿ, ಚೀಲ, ಬಸ್ಸಿನ ಲಗೇಜು ಬೇರೆ. ಕಲಬುರಗಿ ತೊಗರಿಬೇಳೆಗೂ ಮಂಗಳವೇಢೆಯ ಜೋಳಕ್ಕೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಅಂಗಡಿಯವರು ಆ ಹೆಸರಿಗೆ ಹೆಚ್ಚು ಕೇಳುತ್ತಾರೆ. ಆ ಹೆಚ್ಚಿನ ದುಡ್ಡು ಬೆಳೆದವಳಿಗೆ ಸಿಗಲಿ. ಡಿಸೆಂಬರಿನಲ್ಲಿ ಪುಣೆಯಲ್ಲಿ ನಡೆಯುವ ಭೀಮಥಡಿ ಜತ್ರೆಗೆ ಹೋದರೆ ಹೆಣ್ಣುಮಕ್ಕಳ ಸಂಘಗಳು ಹೇಗೆ ಚೀಲ ಕಟ್ಟಿ ಮಾರುತ್ತವೆ ಎಂದು ನೋಡಬಹುದು.

ಹಣವನ್ನು ಅವಳ ಸ್ವಂತ ಖಾತೆಗೇ ಹಾಕಿ. ಅಣ್ಣನ ಫೋನ್‌ಪೇ ಬೇಡ. ಖಾತೆ ಇಲ್ಲದಿದ್ದರೆ ಮೊದಲು ಖಾತೆ ತೆರೆಸಿ, ಎಟಿಎಂ ಕಾರ್ಡು ಅವಳ ಹತ್ತಿರವೇ ಇದೆಯೇ ಎಂದು ಕೇಳಿ.

ಮುಂದಿನ ವರ್ಷದ ಜೋಳಕ್ಕ ಯಾವಾಗ ಹೇಳಬೇಕು?

ರಾಶಿಯಾದ ಮೇಲೆ ಫೆಬ್ರುವರಿ, ಮಾರ್ಚಿನಲ್ಲಿ ಫೋನು ಮಾಡಿದರೆ ನೀವು ಬರೀ ಗಿರಾಕಿ. ಬಿತ್ತುವ ಮುಂಚೆ, ಆಗಸ್ಟಿನಲ್ಲೇ ಹೇಳಿ: ಎಷ್ಟು ಕ್ವಿಂಟಲ್, ಯಾವ ಕಾಳು, ಏನು ದರ. ಕಾಲು ಭಾಗ ಮುಂಗಡ ಕೊಡಿ, ಬೀಜ ಗೊಬ್ಬರಕ್ಕೆ ಆದೀತು. ಮಳೆ ಹೋಗಿ ಬೆಳೆ ಬರದಿದ್ದರೆ ಮುಂಗಡ ವಾಪಸು ಕೇಳುವುದಿಲ್ಲ, ಮರುವರ್ಷಕ್ಕೆ ಹಿಡಿಯುತ್ತೇವೆ ಎಂಬ ಮಾತೂ ಆಗಲೇ ಆಗಿರಲಿ. ಮಾತಾಡುವಾಗ ಫೋನು ವೈನಿಯ ಕೈಯಲ್ಲಿರಲಿ.